ಪಾತ್ರದ ಬೆಲೆ

ನಟನಿಗೆ ಪಾತ್ರದ ಮೇಲೆ ಅಧಿಕಾರವು ಯಾವುದರಿಂದ ಪ್ರಾಪ್ತವಾಗುತ್ತದೆ? ಯೋಗ್ಯತೆಯಿಂದ ಎಂದು ಉತ್ತರ ಹೇಳುವುದು ಸುಲಭ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಭೂಮಿಕೆಗಳ ಹಂಚಿಕೆಗಾಗಿಯೇ ಒಂದು ಅಧ್ಯಾಯವುಂಟು. ನಡೆ, ನುಡಿ, ಅಂಗಸೌಷ್ಠವ, ಸ್ವಭಾವ ಇವನ್ನು ಪರೀಕ್ಷಿಸಿ ಪಾತ್ರವನ್ನು ಕೊಡತಕ್ಕದ್ದೆಂಬುದು ಅಲ್ಲಿಯ ವಿಧಿ. ನಟನ ಕೈಯಲ್ಲಿರುವ ಹಣದ ಮಾತು ಅಲ್ಲಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ ಈ ವಿಧಿಯು ತಲೆಕೆಳಗಾಗಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರೊಳಗೆ ತುಮಕೂರು, ಮಂಡ್ಯ, ಹಾಸನಗಳ ಕಡೆಯ ಹಳ್ಳಿಗಳಿಂದ ಬಂದವರು ಅನೇಕರು. ಅವರು ಊರನ್ನು ಬಿಟ್ಟರೂ ಪೌರಾಣಿಕ ನಾಟಕದ ಹುಚ್ಚು ಅವರನ್ನು ಬಿಟ್ಟಿಲ್ಲ. ಪಾಳಿ ಮುಗಿದ ಮೇಲೆ ಯಾವುದಾದರೊಂದು ಕೊಠಡಿಯಲ್ಲಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ತಿಂಗಳುಗಟ್ಟಲೆ ‘ಕುರುಕ್ಷೇತ್ರ’ವನ್ನು ಅಭ್ಯಾಸಮಾಡುತ್ತಾರೆ. ಮೇಷ್ಟ್ರ ಸಂಭಾವನೆ, ಡ್ರಾಮಾ ಸೀನರಿಯ ಬಾಡಿಗೆ, ವಾದ್ಯದವರ ವೆಚ್ಚ ಎಲ್ಲವೂ ನಟರಿಂದಲೇ ಹುಟ್ಟಬೇಕು. ಆದುದರಿಂದ ಪಾತ್ರಗಳಿಗೆ ಬೆಲೆ ಕಟ್ಟುವುದು ರೂಢಿ. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು. ಭೀಮ, ಕರ್ಣರಿಗೆ ಅದಕ್ಕೆ ಸಮೀಪ. ವಿದುರ, ಸಂಜಯರಿಗೆ ಅತ್ಯಲ್ಪ. ಎಷ್ಟು ಹಾಡು, ಎಷ್ಟು ವೃತ್ತ ಎಂಬುದೇ ತೂಕದ ಕಲ್ಲು.

ಇದನ್ನು ಕೇಳಿ ನಗುವ ವಿದ್ಯಾವಂತರುಂಟು. ನಗುವುದಕ್ಕೆ ಮುಂಚೆ ಅದೇ ನಗರದ ಇನ್ನೊಬ್ಬ ನಟನನ್ನು ನೋಡಬೇಕು. ಕಿರುತೆರೆಯ ಧಾರಾವಾಹಿಗಳಲ್ಲಿ ಅವಕಾಶವನ್ನು ಅರಸುವ ಯುವಕನು ಮಧ್ಯವರ್ತಿಯ ಕರೆಗಾಗಿ ಕಾಯುತ್ತಾನೆ. ಕರೆ ಬಂದರೆ ನಾಯಕನ ಹಿಂದೆ ನಿಂತು ಎರಡು ಮಾತನಾಡುವ ಕೆಲಸ. ಆ ಎರಡು ಮಾತೂ ಕೈಗೆ ಬರುವುದು ಚಿತ್ರೀಕರಣದ ಹೊತ್ತಿಗೆ. ದೊರೆತ ಕೂಲಿಯಲ್ಲಿ ಮಧ್ಯವರ್ತಿಗೂ ಪಾಲು. ಇವನು ಹಣ ಪಡೆದು ಪರಾಧೀನ. ಪೀಣ್ಯದ ಲೇತ್ ಯಂತ್ರದ ಕೆಲಸಗಾರನು ಹಣ ಕೊಟ್ಟು ಒಂದು ರಾತ್ರಿಯ ಮಟ್ಟಿಗೆ ಸ್ವತಂತ್ರ. ಯಾರೂ ಆರಿಸದ ಮನುಷ್ಯನು ತನ್ನನ್ನು ತಾನೇ ಆರಿಸಿಕೊಳ್ಳುವುದರಲ್ಲಿ ಅಧರ್ಮವೇನೂ ಕಾಣದು. ಒಡವೆಯನ್ನು ಒತ್ತೆಯಿಟ್ಟು ಕಿರೀಟ ತೊಡುವವನ ಹೆಂಡತಿಗೆ ಬೇರೆ ಅಭಿಪ್ರಾಯವಿರಬಹುದು. ಅದು ನ್ಯಾಯವೂ ಹೌದು.

ದೋಷವಿರುವುದು ಹಣ ಕೊಡುವುದರಲ್ಲಲ್ಲ, ಕೊಂಡುದನ್ನು ಅಳೆಯುವ ರೀತಿಯಲ್ಲಿ. ಹೆಚ್ಚು ತೆತ್ತವನು ಹೆಚ್ಚು ಹಾಡುಗಳನ್ನು ಅಪೇಕ್ಷಿಸುತ್ತಾನೆ; ಮೇಷ್ಟ್ರು ಇಲ್ಲವೆನ್ನಲಾರರು. ಇರುವ ರಾತ್ರಿ ಒಂದೇ ಆದುದರಿಂದ ಕೃತಿಯು ಒಂದೆಡೆ ಉಬ್ಬಿದರೆ ಇನ್ನೊಂದೆಡೆ ಸವೆಯಲೇಬೇಕು. ಸವೆಯುವುದು ವಿದುರನ ಪಾಲು. ಧೃತರಾಷ್ಟ್ರನ ಸಭೆಯಲ್ಲಿ ಧರ್ಮವನ್ನು ಆಡಿ, ಯಾರೂ ಕಿವಿಗೊಡದೆ ಹೋದವನು ಅವನು. ರಂಗದ ಮೇಲೆಯೂ ಅವನ ಮಾತನ್ನು ಮೊಟಕುಮಾಡಿದರೆ ದುರ್ಯೋಧನನ ಛಲವು ಯಾವುದನ್ನು ಧಿಕ್ಕರಿಸಿತೆಂದು ಪ್ರೇಕ್ಷಕರಿಗೆ ತಿಳಿಯುವ ಬಗೆ ಹೇಗೆ? ಹತ್ತನೆಯ ಶತಮಾನದಲ್ಲಿ ರನ್ನನು ದುರ್ಯೋಧನನನ್ನು ಅಷ್ಟು ಎತ್ತರಕ್ಕೆ ಏರಿಸಿದುದು ಸುತ್ತಲಿನವರನ್ನು ಕುಗ್ಗಿಸಿ ಅಲ್ಲ. ಗದಾಯುದ್ಧದಲ್ಲಿ ಸಂಜಯನೂ ಭೀಷ್ಮನೂ ತಂದೆತಾಯಿಗಳೂ ಸಂಧಿಯ ಮಾತನ್ನಾಡುತ್ತಾರೆ; ಅವೆಲ್ಲವನ್ನೂ ಕೇಳಿ ಒಪ್ಪದೆ ನಡೆದವನೆಂದೇ ಅವನು ದೊಡ್ಡವನಾಗಿ ಕಾಣುತ್ತಾನೆ. ವಿದುರನ ಹಾಡನ್ನು ಬಿಡಿಸಿ ತನ್ನದಕ್ಕೆ ಸೇರಿಸಿಕೊಂಡವನು ತಾನು ಕೊಂಡ ಪಾತ್ರವನ್ನೇ ಕಿರಿದುಮಾಡಿಕೊಂಡಂತಾಯಿತು.

ಈ ನಾಟಕಗಳ ಸ್ತ್ರೀಪಾತ್ರಗಳಿಗೆ ಸಾಮಾನ್ಯವಾಗಿ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಇಂದು ಇಲ್ಲಿ ದ್ರೌಪದಿಯಾದಾಕೆ ನಾಳೆ ಬೇರೊಂದು ಊರಿನಲ್ಲಿ ಕುಂತಿ. ಕೇಳಿದ ಪಾತ್ರವಲ್ಲ, ಕೊಟ್ಟ ಪಾತ್ರ. ದೀರ್ಘಾಭ್ಯಾಸಕ್ಕೆ ವೇಳೆಯೂ ಇಲ್ಲ. ಎದುರಿನ ವೀರನು ಮಾತು ಮರೆತು ತಡವರಿಸಿದರೆ ಆಕೆಯೇ ಅದನ್ನು ಮೆಲ್ಲಗೆ ಎತ್ತಿಕೊಡಬೇಕು. ಹಣ ಕೊಟ್ಟು ಪಾತ್ರ ಪಡೆದವರ ನಡುವೆ, ಪಾತ್ರಕ್ಕಾಗಿ ಹಣ ಪಡೆಯುವ ಆಕೆಗೇ ಬಹುಮಟ್ಟಿಗೆ ಕೃತಿಯೆಲ್ಲ ಬಾಯಿಪಾಠವಾಗಿರುತ್ತದೆ, ವಿದುರನ ಪಾಲೂ ಸೇರಿ.