ಅನ್ಯರ ಪೂಜ್ಯವಸ್ತು, ನಮ್ಮ ಗೋಡೆ

ಭರತ ಹುಣ್ಣಿಮೆಯ ಜಾತ್ರೆಗೆ ಮೈಲಾರಕ್ಕೆ ಬರುವ ಗೊರವಯ್ಯನ ಕಂಬಳಿಗೆ ಈ ಸೀಮೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. ಉಣ್ಣೆಯೂ ಮಗ್ಗವೂ ಬೇರೆಯಲ್ಲ. ಆದರೂ ಅವನ ಹೆಗಲೇರಿದ ಮೇಲೆ ಅದು ದೀಕ್ಷೆಯ ಗುರುತು. ಕ್ರೈಸ್ತರಾದ ನಮಗೂ ಇದು ತಿಳಿಯದ ಮಾತಲ್ಲ. ಬಲಿಪೀಠದ ವಸ್ತ್ರವನ್ನು ನಾವು ಊಟದ ಮೇಜಿಗೆ ಹಾಸುವುದಿಲ್ಲ.

ಇಷ್ಟು ತಿಳಿದಿದ್ದೂ ನಾನು ಎಡವಿದೆ. ಮುಂಡಗೋಡಿನಲ್ಲಿ 1966ರಲ್ಲಿ ಆರಂಭವಾದ ಟಿಬೆಟನ್ನರ ನೆಲೆಯಿದೆ. ಗಾಂದೆನ್, ದ್ರೆಪುಂಗ್ ಮಠಗಳು ಅಲ್ಲಿ ಮರುಹುಟ್ಟು ಪಡೆದಿವೆ. ಕಳೆದ ವರ್ಷ ಅಲ್ಲಿಂದ ಒಂದು ಸಣ್ಣ ಥಂಕಾ, ಅಂದರೆ ಬಟ್ಟೆಯ ಸುರುಳಿಚಿತ್ರ, ಕೊಂಡುತಂದೆ. ಕೈತೊಳೆಯುವ ತೊಟ್ಟಿಯ ಮೇಲೆ, ಗೋಡೆಯ ತೇವದ ಕಲೆ ಮುಚ್ಚಲೆಂದು ತೂಗುಹಾಕಿದೆ.

“ಏನಪ್ಪಾ, ವಿಗ್ರಹಾನ ತಂದು ಮನ್ಯಾಗ ಹಾಕೀಯಲ್ಲೋ?” ಎಂದರು ದೊಡ್ಡಪ್ಪ.

“ಅದು ಬರೇ ಚಿತ್ರಕಲೆ, ದೊಡ್ಡಪ್ಪ” ಎಂದೆ.

ಈಗ ಅನಿಸುತ್ತದೆ, ನನ್ನ ಉತ್ತರವೇ ಹೆಚ್ಚು ತಪ್ಪು. ಅವರು ಅದನ್ನು ಒಪ್ಪದಿದ್ದರೂ ಅದು ಯಾರಿಗೋ ಪೂಜ್ಯವೆಂದು ಗುರುತಿಸಿದ್ದರು.

ಹತ್ತಿಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಸೀಮೆಸುಣ್ಣ ಮತ್ತು ಅಂಟಿನ ಲೇಪ ಹಚ್ಚಿ, ನಯವಾಗುವವರೆಗೆ ಉಜ್ಜುತ್ತಾರೆ. ಮೂರ್ತಿಯ ಅಳತೆಗಳು ಶಾಸ್ತ್ರದವು, ಚಿತ್ರಕಾರನ ಇಚ್ಛೆಯವಲ್ಲ. ಖನಿಜಗಳನ್ನು ಅರೆದು ಬಣ್ಣ ಮಾಡುತ್ತಾರೆ, ಕಣ್ಣುಗಳನ್ನು ಕೊನೆಯಲ್ಲಿ ತೆರೆಯುತ್ತಾರೆ. ಸುತ್ತಲೂ ರೇಷ್ಮೆಯ ಜರಿವಸ್ತ್ರ ಹೊಲಿಯುತ್ತಾರೆ. ಸಂಪ್ರದಾಯದಂತೆ ಚಿತ್ರಕಾರನು ತನ್ನ ಹೆಸರು ಬರೆಯುವುದಿಲ್ಲ. ಚಿತ್ರದ ಬೆನ್ನಿಗೆ, ಮೂರ್ತಿಯ ಹಣೆ, ಕಂಠ, ಹೃದಯಗಳಿಗೆ ನೇರವಾಗಿ ಓಂ ಆಃ ಹೂಂ ಎಂದು ಬರೆದು ಪ್ರತಿಷ್ಠೆ ಮಾಡುತ್ತಾರೆ.

ನಾನು ತಂದುದರ ಬೆನ್ನು ಬರಿದಾಗಿತ್ತು. ಪ್ರತಿಷ್ಠೆಯಾಗಿಲ್ಲ, ಮಾರಲೆಂದೇ ಬರೆದದ್ದು. ಹಾಗಾದರೆ ಅದು ಸರಕು ತಾನೇ? ಮನಸ್ಸಿಗೆ ಹಾಯೆನಿಸುವ ವಾದ. ಆದರೆ ಅಂಗಡಿಯಿಂದ ತಂದ, ಗುರುಗಳು ಇನ್ನೂ ಆಶೀರ್ವದಿಸದ ಜಪಸರಕ್ಕೆ ನಾವು ಬೀಗದಕೈ ಕಟ್ಟಿ ತೂಗುಹಾಕುವೆವೇ?

ಪ್ರತಿಮೆಗೆ ಸಲ್ಲಿಸಿದ ಗೌರವವು ಅದು ತೋರುವ ವ್ಯಕ್ತಿಗೇ ಸಲ್ಲುತ್ತದೆಂದು 787ರ ನೈಸಿಯಾ ಮಹಾಸಭೆ ಹೇಳಿತು. ಅಗೌರವಕ್ಕೂ ಅದೇ ದಾರಿಯಲ್ಲವೇ? ಬೌದ್ಧಧರ್ಮವೂ ಸೇರಿ ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ತಿರಸ್ಕರಿಸದಿರುವುದು ಸುಲಭ. ನಾನು ಪೂಜಿಸದ ಮೂರ್ತಿಯನ್ನು ಎಲ್ಲಿ ಇಡಬೇಕೆಂಬುದು ಸುಲಭವಲ್ಲ: ಪವಿತ್ರ ಹೃದಯದ ಚಿತ್ರದ ಪಕ್ಕದಲ್ಲಿಟ್ಟರೆ ನನ್ನ ವಿಶ್ವಾಸಕ್ಕೆ ಸುಳ್ಳಾಗುತ್ತೇನೆ, ತೊಟ್ಟಿಯ ಮೇಲಿಟ್ಟರೆ ಅವರದಕ್ಕೆ ಅವಮಾನ.

ಸದ್ಯಕ್ಕೆ ಸುರುಳಿ ಸುತ್ತಿ, ಶುಭ್ರವಸ್ತ್ರದಲ್ಲಿ ಕಪಾಟಿನಲ್ಲಿಟ್ಟಿದ್ದೇನೆ. ಮುಂದಿನ ಸಲ ಮುಂಡಗೋಡಿಗೆ ಹೋದಾಗ ಭಿಕ್ಷುಗಳಲ್ಲೊಬ್ಬರನ್ನು ಕೇಳಬೇಕು. ಗೋಡೆಯ ಕಲೆ ಮತ್ತೆ ಕಾಣುತ್ತಿದೆ, ಗಾರೆಯವನಿಗೂ ಹೇಳಿಕಳಿಸಬೇಕು.