ಹಸಿವನ್ನು ಮರೆಸದ ಆನಂದ

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಕಾರ್ಕಳ ಸೀಮೆಯ ಮಾಳದವರಾದ ತಂದೆ ಅನಂತಶಾಸ್ತ್ರಿ ಡೋಂಗ್ರೆ, ಹತ್ತಿರದವರ ವಿರೋಧ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಕಲಿಸಿದವರು. ಮಗಳಿಗೆ ಪಾಠ ಹೇಳಿದ್ದು ಆ ತಾಯಿಯೇ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು ಪುರಾಣ ಓದಿ ಬದುಕುತ್ತಿದ್ದ ಈ ಕುಟುಂಬವನ್ನು 1870ರ ದಶಕದ ಬರ ನುಂಗಿತು. ತಂದೆ ಹೋದರು, ತಾಯಿ ಹೋದರು, ಅಕ್ಕನೂ ಹೋದಳು. 1880ರಲ್ಲಿ ಅಣ್ಣ, 1882ರಲ್ಲಿ ಕಾಲರಾ ತಗುಲಿ ಗಂಡ. ಆಗ ರಮಾಬಾಯಿಗೆ 23 ವರ್ಷ. ಮಡಿಲಲ್ಲಿ ಮನೋರಮಾ ಎಂಬ ಕೂಸು.

ಇಷ್ಟೆಲ್ಲ ಕಂಡವರು ಮುಂದೆ ಕ್ರಿಸ್ತನಲ್ಲಿ ತಮಗೆ ಬರಿದಾಗದ ನಿಧಿ ಸಿಕ್ಕಿತು ಎಂದು ಬರೆದರೆ, ಓದುವವರಿಗೆ ಅನುಮಾನ ಬರುವುದು ಸಹಜ. ನೋವು ತಾಳಲಾರದೆ ಮನಸ್ಸು ಕಟ್ಟಿಕೊಂಡ ಸಮಾಧಾನವೇ ಇದು? ಧರ್ಮವನ್ನು ಜನರ ಅಫೀಮು ಎಂದಾಗ ಕಾರ್ಲ್ ಮಾರ್ಕ್ಸ್ ಎತ್ತಿದ ಪ್ರಶ್ನೆಯೂ ಇಂಥದ್ದೇ. ಅದನ್ನು ಭಕ್ತರು ಬೈಗುಳವೆಂದು ತಳ್ಳಿಹಾಕಬಾರದು, ಒರೆಗಲ್ಲಾಗಿ ತೆಗೆದುಕೊಳ್ಳಬೇಕು. ಅಫೀಮು ತಿಂದವನಿಗೆ ತನ್ನ ನೋವೂ ತಿಳಿಯದು, ಪಕ್ಕದವನ ನೋವೂ ತಿಳಿಯದು. ದೇವರಲ್ಲಿ ಸಿಗುವ ಸಂತೋಷ ಹಾಗೆ ಮಂಕು ಕವಿಸುತ್ತದೆಯೋ ಇಲ್ಲವೋ ಎಂಬುದನ್ನು ಬದುಕಿನಲ್ಲೇ ನೋಡಬಹುದು.

ರಮಾಬಾಯಿಗೆ ಆ ಸಂತೋಷ ಸುಲಭವಾಗಿ ದಕ್ಕಲಿಲ್ಲ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಅದಕ್ಕೆ ಮೊದಲು ಲಂಡನ್ನಿನ ಫುಲಮ್‌ನಲ್ಲಿ, ಸಮಾಜ ಕೈಬಿಟ್ಟ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ಕಂಡು ಬೆರಗಾಗಿದ್ದರು. ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದಾಗ ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯಲ್ಲಿ ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗವನ್ನು ಓದಿ ಹೇಳಿದರು. ಆದರೂ ತ್ರಿತ್ವದ ಬಗ್ಗೆ, ಕ್ರೈಸ್ತ ಸಭೆಯ ಅಧಿಕಾರದ ಬಗ್ಗೆ ರಮಾಬಾಯಿ ತಮ್ಮ ಗುರುಗಳೊಡನೆ ವರ್ಷಗಟ್ಟಲೆ ವಾದಿಸಿದರು. ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂಬುದು ಅವರಿಗೆ ಹೊಳೆದದ್ದು ಭಾರತಕ್ಕೆ ಮರಳಿದ ಮೇಲೆ, ದೀಕ್ಷೆಯಾಗಿ ಸುಮಾರು 8 ವರ್ಷಗಳ ನಂತರ.

ಈ 8 ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಬರೀ ಸಮಾಧಾನ ಬೇಕಾಗಿದ್ದವರು ಅಷ್ಟು ಕಾಲ ಅದಿಲ್ಲದೆ ತಡೆದುಕೊಳ್ಳುತ್ತಿರಲಿಲ್ಲ; ಮೊದಲ ದಿನವೇ ಸಿಕ್ಕಿತು ಎಂದುಕೊಂಡು ಸುಮ್ಮನಾಗುತ್ತಿದ್ದರು. ಸಿದ್ಧಾಂತವನ್ನು ಒಪ್ಪುವುದು ಬುದ್ಧಿಯ ಕೆಲಸ. ಒಬ್ಬರ ಆಸರೆಗೆ ಬೀಳಬೇಕಾದರೆ ತನ್ನ ಯೋಗ್ಯತೆಯ ಲೆಕ್ಕವನ್ನು ಕೆಳಗಿಡಬೇಕು. ಎಲ್ಲವನ್ನೂ ಓದಿನಿಂದ ಗಳಿಸಿದ್ದ ಪಂಡಿತೆಗೆ, ಗಳಿಸದೆ ಪಡೆಯುವುದೇ ಕಠಿಣವಾಗಿತ್ತು.

ಒಳಗೆ ಆಸರೆ ಸಿಕ್ಕ ಮೇಲೆ ಅವರೇನು ಮಾಡಿದರು? 1896ರಲ್ಲಿ ಮಧ್ಯಪ್ರಾಂತಗಳಲ್ಲಿ ಬರ ಬಿದ್ದ ಸುದ್ದಿ ಬಂತು. ತಮ್ಮವರು ಹಸಿದು ಸತ್ತದ್ದು ಅವರಿಗೆ ಮರೆತಿರಲಿಲ್ಲ. ಅಲ್ಲಿಗೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಅವರಿಗಾಗಿ ಪುಣೆ ಬಳಿಯ ಕೇಡಗಾಂವ್‌ನಲ್ಲಿ ಬೆಳೆದ ‘ಮುಕ್ತಿ’ ಎಂಬ ಆಶ್ರಯಧಾಮದಲ್ಲಿ 1900ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜನರಿದ್ದರು. ನೇಯ್ಗೆ, ಹೊಲಿಗೆ, ಗಾಣ, ಹೈನು, ಹೊಲದ ಕೆಲಸ ಎಲ್ಲವೂ ಅಲ್ಲಿತ್ತು. ಕುರುಡು ಹೆಣ್ಣುಮಕ್ಕಳಿಗೆ ಬ್ರೈಲ್ ಕಲಿಸುತ್ತಿದ್ದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವಂಥ ಮರಾಠಿಗೆ ಬೈಬಲ್ ತರಲು ಕೂತಾಗ, ಅದರ ಅಚ್ಚುಮೊಳೆ ಜೋಡಿಸಿದವರು ಮುಕ್ತಿಯ ಹೆಂಗಸರೇ. ಅಕ್ಷರದ ಪರಿಚಯವೇ ಇಲ್ಲದೆ ಬಂದವರ ಕೈಗೆ ಇಡೀ ಧರ್ಮಗ್ರಂಥವೇ ಬಂದಿತ್ತು.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ, ಸರ್ಕಾರ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಅವರು ಪತ್ರಿಕೆಯಲ್ಲಿ ಬಹಿರಂಗವಾಗಿ ಖಂಡಿಸಿದರು. ಆಳುವವರ ಧರ್ಮವೂ ತಮ್ಮದೂ ಒಂದೇ ಎಂಬುದು ಅವರ ಬಾಯಿ ಕಟ್ಟಲಿಲ್ಲ. ಮಂಕು ಕವಿದ ಮನಸ್ಸು ಹೀಗೆ ಸಿಟ್ಟಾಗುವುದಿಲ್ಲ.

ದೇವರನ್ನು ನಂಬದವರೂ ಹಸಿದವರಿಗೆ ಅನ್ನ ಹಾಕಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಸೇವೆ ಯಾವ ಧರ್ಮದ ಗುತ್ತಿಗೆಯೂ ಅಲ್ಲ. ಇಲ್ಲಿ ಹೇಳಹೊರಟದ್ದು ಬೇರೆ: ನೋವನ್ನು ದಿಟ್ಟಿಸಿ ನೋಡುತ್ತಲೇ ಒಳಗಿನ ಸಂತೋಷ ಆರದಿರುವುದು ಸಾಧ್ಯ. ಯೇಸುವಿನ ಅಪೊಸ್ತಲನಾದ ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರದ ತುಂಬ ಸಂತೋಷದ ಮಾತಿದೆ, ಆದರೆ ಬರೆದದ್ದು ಸೆರೆಯಲ್ಲಿ ಕೂತು. ಬೈಬಲಿನ ಕೀರ್ತನೆಗಳಲ್ಲಿ 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತುತಿಯ ಸಾಲು ಸೇರಿಸಿ ಅದನ್ನು ಯಾರೂ ತಿದ್ದಲಿಲ್ಲ. ಅಳುವಿಗೆ ಜಾಗ ಇಲ್ಲದ ಕಡೆ ಆಸರೆ ಎಂಬ ಮಾತಿಗೆ ಅರ್ಥವಿಲ್ಲ ಎಂದು ಅದನ್ನು ಹಾಡಿದ ಭಕ್ತರಿಗೆ ಗೊತ್ತಿತ್ತು.

ರಮಾಬಾಯಿಗೂ ನಷ್ಟ ತಪ್ಪಲಿಲ್ಲ. ಕಲಬುರಗಿಯಲ್ಲಿ ಶಾಲೆ ಕಟ್ಟಿದ, ತಾಯಿಯ ಬಲಗೈಯಾಗಿದ್ದ ಮನೋರಮಾ 1921ರ ಜುಲೈನಲ್ಲಿ ತೀರಿಕೊಂಡರು. ಪ್ರಾರ್ಥನೆ ಆ ಸಾವನ್ನು ತಡೆಯಲಿಲ್ಲ. ಉಳಿದ ತಿಂಗಳುಗಳಲ್ಲಿ ತಾಯಿ ಬೈಬಲಿನ ಅನುವಾದವನ್ನು ಕೈಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಅವರು ಕಟ್ಟಿದ ಮುಕ್ತಿ ಕೇಡಗಾಂವ್‌ನಲ್ಲಿ ಈಗಲೂ ನಡೆಯುತ್ತಿದೆ.