ಶಾಂತಿಯ ಲೆಕ್ಕ ಕೇಳುವ ಹೆಂಗಸರು

2024ರ ಮಾರ್ಚ್ 11ರಂದು ಒಡಿಶಾ ಕರಾವಳಿಯ ದ್ವೀಪವೊಂದರಿಂದ ಅಗ್ನಿ-5 ಕ್ಷಿಪಣಿ ಹಾರಿತು. ಒಂದೇ ಕ್ಷಿಪಣಿಯಿಂದ ಹಲವು ಸಿಡಿತಲೆಗಳನ್ನು ಬೇರೆಬೇರೆ ಗುರಿಗಳತ್ತ ಕಳಿಸುವ ತಂತ್ರದ ಪರೀಕ್ಷೆ ಅದು. ಅದಕ್ಕಿಟ್ಟ ಹೆಸರು ‘ಮಿಷನ್ ದಿವ್ಯಾಸ್ತ್ರ’. ಯೋಜನೆಯ ಹೊಣೆ ಹೊತ್ತಿದ್ದವರು ಹೈದರಾಬಾದಿನ ಅಡ್ವಾನ್ಸ್ಡ್ ಸಿಸ್ಟಮ್ಸ್ ಲ್ಯಾಬೊರೇಟರಿಯ ವಿಜ್ಞಾನಿ ಶೀನಾ ರಾಣಿ. ನಾಲ್ಕು ದಿನ ಕಳೆದು, ಮಾರ್ಚ್ 15ರಂದು, ಅದೇ ಹೈದರಾಬಾದಿನಲ್ಲಿ ನೌಕಾಪಡೆಯ ಮಾಜಿ ಮುಖ್ಯಸ್ಥ ಅಡ್ಮಿರಲ್ ಎಲ್. ರಾಮದಾಸ್ ತೀರಿಕೊಂಡರು. ಸಮವಸ್ತ್ರ ಕಳಚಿದ ಮೇಲೆ ಅಣ್ವಸ್ತ್ರ ಬೇಡವೆಂದು ಊರೂರು ಸುತ್ತಿ ಹೇಳಿದವರು ಅವರು; 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಭಾರತ–ಪಾಕಿಸ್ತಾನಗಳ ನಡುವಿನ ಶಾಂತಿಯ ಕೆಲಸಕ್ಕೆ. ಆ ಕೆಲಸದಲ್ಲಿ ಅವರಿಗೆ ಸರಿಸಮಾನವಾಗಿ ದುಡಿದವರು ಪತ್ನಿ ಲಲಿತಾ ರಾಮದಾಸ್. ಲಲಿತಾ ಅವರ ತಂದೆ ಆರ್.ಡಿ. ಕಟಾರಿ, 1958ರಲ್ಲಿ ನೌಕಾಪಡೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ. ತವರೂ ಗಂಡನ ಮನೆಯೂ ಯುದ್ಧನೌಕೆಯದೇ ಆದ ಹೆಣ್ಣುಮಗಳು ಬಾಂಬಿನ ವಿರುದ್ಧ ನಿಂತರು. ಇನ್ನೊಬ್ಬ ಹೆಣ್ಣುಮಗಳು ಬಾಂಬು ಹೊರುವ ಅಸ್ತ್ರವನ್ನು ಗುರಿ ಮುಟ್ಟಿಸಿದರು.

ಹೆಣ್ಣೆಂದರೆ ಶಾಂತಿ ಎಂಬ ನಂಬಿಕೆ ಇಷ್ಟಕ್ಕೇ ಅಲುಗಾಡುತ್ತದೆ. ಗಾಂಧೀಜಿ 1940ರಲ್ಲಿ ಹೆಣ್ಣನ್ನು ಅಹಿಂಸೆಯ ಅವತಾರವೆಂದೇ ಕರೆದಿದ್ದರು. ಆದರೆ 1974ರ ಮೇ 18ರ ಬೆಳಿಗ್ಗೆ ಪೋಖರಣ್‌ನಲ್ಲಿ ನೆಲ ನಡುಗಿದಾಗ ಪ್ರಧಾನಿಯಾಗಿದ್ದವರು ಒಬ್ಬ ಹೆಂಗಸು. ಅಗ್ನಿ ಸರಣಿಯ ಟೆಸ್ಸಿ ಥಾಮಸ್ ಅವರನ್ನು ದೇಶ ‘ಅಗ್ನಿಪುತ್ರಿ’ ಎಂದು ಮೆಚ್ಚಿತು. ಹೈದರಾಬಾದಿನ ಕಾಂಚನಬಾಗ್ ಸುತ್ತಲಿನ ಕ್ಷಿಪಣಿ ಪ್ರಯೋಗಾಲಯಗಳಲ್ಲಿ, ಭಾರತ್ ಡೈನಮಿಕ್ಸ್‌ನಲ್ಲಿ, ಮಿಧಾನಿಯಲ್ಲಿ ದಿನಾ ಬೆಳಿಗ್ಗೆ ಹಾಜರಿ ಹಾಕುವ ಸಾವಿರಾರು ಮಂದಿಯಲ್ಲಿ ಹೆಂಗಸರೂ ಇದ್ದಾರೆ, ಒಳ್ಳೆಯ ಸಂಬಳದ ಗೌರವದ ನೌಕರಿ. ನೌಕಾಪಡೆ ಹೆಣ್ಣುಮಕ್ಕಳನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳಲು ಶುರುಮಾಡಿದ್ದೂ ಇದೇ ರಾಮದಾಸರು ಮುಖ್ಯಸ್ಥರಾಗಿದ್ದ ಕಾಲದಲ್ಲಿ. ಹಾಗಿದ್ದರೆ ಯುದ್ಧದ ಖರ್ಚು ಇಳಿಸಿ, ಅಣ್ವಸ್ತ್ರ ಬಿಡಿ ಎಂದು ಹೆಂಗಸರು ಹೆಂಗಸರಾಗಿಯೇ ಕೇಳುವುದಕ್ಕೆ ಯಾವ ಆಧಾರ? ತಾಯ್ತನವೇ? ಧರ್ಮವೇ? ಅಥವಾ ಬೇರೇನಾದರೂ ಇದೆಯೇ?

ಹೈದರಾಬಾದಿನ ಅತಿ ಪ್ರಸಿದ್ಧ ಮಗಳು ಸರೋಜಿನಿ ನಾಯ್ಡು ಈ ಇಕ್ಕಟ್ಟನ್ನು ತಾವೇ ಬದುಕಿದವರು. 1915ರ ಏಪ್ರಿಲ್ ಕೊನೆಯಲ್ಲಿ ಹನ್ನೆರಡು ದೇಶಗಳ ಸಾವಿರಕ್ಕೂ ಮಿಕ್ಕಿದ ಹೆಂಗಸರು ಹೇಗ್ ನಗರದಲ್ಲಿ ಸೇರಿ ಮಹಾಯುದ್ಧ ನಿಲ್ಲಿಸಿ ಎಂದರು; ಇಂದಿಗೂ ನಿಶ್ಶಸ್ತ್ರೀಕರಣಕ್ಕಾಗಿ ದನಿಯೆತ್ತುವ ಮಹಿಳಾ ಅಂತರರಾಷ್ಟ್ರೀಯ ಶಾಂತಿ ಮತ್ತು ಸ್ವಾತಂತ್ರ್ಯ ಲೀಗ್ ಹುಟ್ಟಿದ್ದು ಅಲ್ಲಿಂದ. ಅದೇ ವರ್ಷದ ಡಿಸೆಂಬರಿನಲ್ಲಿ ಹೈದರಾಬಾದಿನ ಮಹಿಳೆಯರ ಯುದ್ಧ ಪರಿಹಾರ ಸಂಘದ ವರದಿಗೆಂದು ಸರೋಜಿನಿ ‘ದಿ ಗಿಫ್ಟ್ ಆಫ್ ಇಂಡಿಯಾ’ ಕವಿತೆ ಕೊಟ್ಟರು. ಬ್ರಿಟಿಷರ ಯುದ್ಧದಲ್ಲಿ ಸತ್ತ ಮಕ್ಕಳ ಪರವಾಗಿ ಭಾರತಮಾತೆ ಅಲ್ಲಿ ಮಾತಾಡುತ್ತಾಳೆ. ದುಃಖವಿದೆ, ಹೆಮ್ಮೆಯಿದೆ, ಯುದ್ಧ ಯಾಕೆ ಎಂಬ ಪ್ರಶ್ನೆ ಮಾತ್ರ ಇಲ್ಲ. ಹದಿನೈದು ವರ್ಷಗಳ ನಂತರ ಧರಾಸಣದ ಉಪ್ಪಿನ ಕೋಠಿಯ ಮುಂದೆ ಲಾಠಿಗೆ ಕೈಯೆತ್ತದ ಸತ್ಯಾಗ್ರಹಿಗಳ ಸಾಲನ್ನು ನಡೆಸಿದವರೂ ಅವರೇ. ತಾಯಿಯ ಅಳು ಯುದ್ಧವನ್ನು ಪವಿತ್ರವಾಗಿಸಲೂ ಒದಗುತ್ತದೆ ಎಂಬುದಕ್ಕೆ ಆ ಕವಿತೆಗಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇನ್ನೂ ಹಿಂದಕ್ಕೆ ಹೋಗಬಹುದು. ಹೈದರಾಬಾದಿನಿಂದ ದಕ್ಷಿಣಕ್ಕೆ ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಈಗ ನಾಗಾರ್ಜುನಸಾಗರದ ನೀರು ನಿಂತಿರುವ ಕಣಿವೆಯಲ್ಲಿ, ಮೂರನೇ ಶತಮಾನದಲ್ಲಿ ಇಕ್ಷ್ವಾಕುಗಳ ರಾಜಧಾನಿಯಿತ್ತು. ದೊರೆ ಚಾಂತಮೂಲ ಅಶ್ವಮೇಧ ಮಾಡಿದವನು. ಅವನ ಸೋದರಿ ಚಾಂತಿಸಿರಿ ಬುದ್ಧನ ಮಹಾಚೈತ್ಯಕ್ಕೆ ಕಂಬ ನಿಲ್ಲಿಸಿದವಳು. ಆ ಮನೆತನದ ಮಗಳು, ವನವಾಸದ ಅಂದರೆ ನಮ್ಮ ಬನವಾಸಿಯ ರಾಣಿಯಾಗಿ ಬಂದ ಕೊಡಬಲಿಸಿರಿ, ಮಹೀಶಾಸಕ ಪಂಥದ ಭಿಕ್ಷುಗಳಿಗೆ ವಿಹಾರ ಕಟ್ಟಿಸಿಕೊಟ್ಟಳು. ಗಂಡಸರಿಗೆ ಯಜ್ಞದ ಕುದುರೆ, ಹೆಂಗಸರಿಗೆ ಸ್ತೂಪ: ಒಂದೇ ಅರಮನೆಯಲ್ಲಿ ಕೆಲಸ ಹಂಚಿಕೆಯಾಗಿತ್ತು. ಚಾಂತಿಸಿರಿ ತನ್ನ ದಾನದ ಪುಣ್ಯದಲ್ಲಿ ಲೋಕದ ಹಿತವನ್ನು ಬೇಡುತ್ತಾಳೆ. ಅಳಿಯನಾದ ದೊರೆಯ ಆಯುಸ್ಸು ವಿಜಯಗಳನ್ನೂ ಬೇಡುತ್ತಾಳೆ.

ಕನ್ನಡಿಗರಿಗೆ ಇದು ಹೊಸತಲ್ಲ. ಅತ್ತಿಮಬ್ಬೆ ದಂಡನಾಯಕನ ಮಗಳು, ದಂಡನಾಯಕನ ಹೆಂಡತಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅವಳ ದೊಡ್ಡತನವನ್ನು ಕುಗ್ಗಿಸುವ ಮಾತಲ್ಲ ಇದು. ಆದರೆ ಆ ಬಗೆಯ ಶಾಂತಿಯಿಂದ ಯಾವ ಚಕ್ರವರ್ತಿಗೂ ತೊಂದರೆಯಾಗಲಿಲ್ಲ. ರಾಣಿವಾಸದಿಂದ ಬಸದಿಗೆ ಹೊನ್ನು ಹೋಯಿತು, ದಂಡಿಗೆ ಹೋಗುವ ಹೊನ್ನು ದಂಡಿಗೆ ಹೋಗುತ್ತಲೇ ಇತ್ತು.

ಇಲ್ಲಿ ಜೈನರ ಒಂದು ವಿಂಗಡಣೆ ಕೆಲಸಕ್ಕೆ ಬರುತ್ತದೆ. ಶ್ರಾವಕನಿಗೆ ಎಲ್ಲ ಹಿಂಸೆಯೂ ಒಂದೇ ಅಲ್ಲ. ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ ಮನೆವಾರ್ತೆಯದು ಆರಂಭೀ. ಬೇಸಾಯ ಕಸುಬಿನದು ಉದ್ಯೋಗೀ. ಮೇಲೆ ಬಿದ್ದವನನ್ನು ಎದುರಿಸುವುದು ವಿರೋಧೀ. ಮೊದಲನೆಯದು ಪೂರ್ತಿ ವರ್ಜ್ಯ, ಕೊನೆಯದಕ್ಕೆ ಗೃಹಸ್ಥನಿಗೆ ವಿನಾಯಿತಿ ಉಂಟು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಸೇನಾಪತಿಯಾಗಿಯೂ ಶ್ರಾವಕನಾಗಿ ಉಳಿದದ್ದು ಈ ದಾರಿಯಲ್ಲಿ. ಗಡಿ ಕಾಯುವ ಯೋಧನಿಗೂ ಇದು ಸಲ್ಲುತ್ತದೆ. ಅಹಿಂಸೆಯ ಹೆಸರಿನಲ್ಲಿ ಅವನನ್ನು ಹಳಿಯುವುದು ಅನ್ಯಾಯ.

ಅಣ್ವಸ್ತ್ರ ಮಾತ್ರ ಈ ವಿನಾಯಿತಿಯೊಳಗೆ ಹಿಡಿಸುವುದಿಲ್ಲ. ಅದಕ್ಕೆ ಎದುರಾಳಿ ಯಾರು, ತೊಟ್ಟಿಲ ಮಗು ಯಾರು ಎಂಬುದು ಗೊತ್ತಿಲ್ಲ. ಭಾರತ ತಾನಾಗಿ ಮೊದಲು ಪ್ರಯೋಗಿಸುವುದಿಲ್ಲ ಎಂದಿದೆ, ಅದು ಸಣ್ಣ ಮಾತಲ್ಲ. ಆದರೆ 2003ರ ಜನವರಿಯಲ್ಲಿ ಪ್ರಕಟವಾದ ಅದೇ ನೀತಿ, ತನ್ನ ಮೇಲೆ ಅಣುದಾಳಿಯಾದರೆ ಎದುರಾಳಿ ತಾಳಲಾರದಷ್ಟು ಭಾರೀ ಪ್ರತಿದಾಳಿ ನಡೆಸುವುದಾಗಿಯೂ ಹೇಳುತ್ತದೆ. ಹೆದರಿಕೆ ನಿಜವಾಗಬೇಕಾದರೆ ಕೊಲ್ಲುವ ನಿಶ್ಚಯವೂ ನಿಜವಾಗಿರಬೇಕು. ಇಡೀ ನಗರವನ್ನು ಸುಡುವ ತೀರ್ಮಾನವನ್ನು ಮೊದಲೇ ಮಾಡಿ, ವರ್ಷವಿಡೀ, ಹಗಲಿರುಳು ಕಾಪಿಟ್ಟುಕೊಂಡಿರುವುದನ್ನು ಸಂಕಲ್ಪವೆನ್ನದೆ ಮತ್ತೇನೆನ್ನಬೇಕು? ಚೇತನೆಯೇ ಕರ್ಮ ಎಂದ ಬುದ್ಧನ ಲೆಕ್ಕದಲ್ಲೂ ಹಾರದ ಕ್ಷಿಪಣಿಗೆ ಪಾಪವಿಲ್ಲ ಎನ್ನುವಂತಿಲ್ಲ. ಆ ಬುದ್ಧ ಹೈದರಾಬಾದಿನ ಹುಸೇನ್ ಸಾಗರದ ನಡುವೆ 1992ರಿಂದ ನಿಂತಿದ್ದಾನೆ, ಊರು ಅವನ ಜೊತೆ ಫೋಟೊ ತೆಗೆಸಿಕೊಳ್ಳುತ್ತದೆ.

ಹೆಂಗಸರೆಲ್ಲ ಈ ವಾದವನ್ನು ಒಪ್ಪಿಯಾರು ಎಂದೇನಿಲ್ಲ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಮಕ್ಕಳನ್ನು ಕಳೆದುಕೊಂಡ ದ್ರೌಪದಿ ಅಶ್ವತ್ಥಾಮನ ವಧೆಯಾಗದಿದ್ದರೆ ಪ್ರಾಣ ಬಿಡುತ್ತೇನೆಂದು ಕೂರುತ್ತಾಳೆ. ಭಾಗವತದಲ್ಲಿ ಅದೇ ದ್ರೌಪದಿ, ಕೃಪಿ ತನ್ನಂತೆ ಅಳದಿರಲಿ, ಅವನನ್ನು ಬಿಡಿ ಎನ್ನುತ್ತಾಳೆ. ಪರಂಪರೆಯೇ ಎರಡೂ ಬಾಯಿಗಳನ್ನು ಅವಳಿಗೆ ಕೊಟ್ಟಿರುವಾಗ ಹೆಣ್ಣಿನ ಸ್ವಭಾವದ ಮೇಲೆ ಚಳವಳಿ ಕಟ್ಟುವುದು ಮರಳಿನ ಮೇಲಿನ ಕೆಲಸ.

ಹೆಂಗಸರ ನಿಶ್ಶಸ್ತ್ರೀಕರಣದ ಚಳವಳಿ ಗಟ್ಟಿಯಾಗುವುದು ಪ್ರಾರ್ಥನೆ ಬಿಟ್ಟು ಲೆಕ್ಕ ಕೇಳತೊಡಗಿದಾಗ. ಕನಿಷ್ಠ ಸಂಪನ್ಮೂಲವನ್ನಷ್ಟೇ ಶಸ್ತ್ರಕ್ಕೆ ತಿರುಗಿಸಬೇಕೆಂಬ ಆಶಯ ವಿಶ್ವಸಂಸ್ಥೆಯ ಸನ್ನದಿನ 26ನೇ ವಿಧಿಯಲ್ಲೇ ಇದೆ. 1995ರ ಬೀಜಿಂಗ್ ಮಹಿಳಾ ಸಮ್ಮೇಳನ ಅತಿಯಾದ ಮಿಲಿಟರಿ ವೆಚ್ಚ ಇಳಿಸುವುದನ್ನು ಮಹಿಳೆಯರ ಬೇಡಿಕೆಗಳ ಪಟ್ಟಿಗೇ ಸೇರಿಸಿತು. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತು ಸೇನೆಗಳ ಮೇಲೆ ಸುರಿದದ್ದು 2.7 ಲಕ್ಷ ಕೋಟಿ ಡಾಲರು. ಭಾರತ ಐದನೇ ಸ್ಥಾನದಲ್ಲಿತ್ತು. 2025–26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ ರೂಪಾಯಿ, ಆರೋಗ್ಯ ಸಚಿವಾಲಯಕ್ಕೆ ಸುಮಾರು 1 ಲಕ್ಷ ಕೋಟಿ. ಈ ಹೋಲಿಕೆಯನ್ನು ಜೋಪಾನವಾಗಿ ಬಳಸಬೇಕು. ರಕ್ಷಣೆಯ ಹಣದ ದೊಡ್ಡ ಪಾಲು ಸಂಬಳ, ಪಿಂಚಣಿ. ಅದು ಬೆಳಗಾವಿ, ಕೊಡಗಿನ ಮನೆಗಳಿಗೂ ಬರುತ್ತದೆ. ಆರೋಗ್ಯಕ್ಕೆ ರಾಜ್ಯಗಳೂ ಖರ್ಚು ಮಾಡುತ್ತವೆ. ಆದರೆ ಅಣ್ವಸ್ತ್ರಕ್ಕೆ ಎಷ್ಟಾಯಿತು ಎಂಬ ಒಂದು ಸಾಲು ಬಜೆಟ್ಟಿನಲ್ಲಿ ಹುಡುಕಿದರೂ ಸಿಗದು.

ಎದುರು ವಾದ ಹಗುರವಲ್ಲ. ಚೀನಾ, ಪಾಕಿಸ್ತಾನಗಳು ಅಣ್ವಸ್ತ್ರ ಹಿಡಿದು ಪಕ್ಕದಲ್ಲೇ ಇವೆ. ಪ್ರಜೆಗಳನ್ನು ಕಾಯದ ರಾಜ ಅಧರ್ಮಿ ಎಂದು ಶಾಸ್ತ್ರಗಳೇ ಹೇಳುತ್ತವೆ. ಅಸ್ತ್ರವಿರುವುದು ಶಾಂತಿಗಾಗಿ ಎಂದು ನಂಬಿ ದುಡಿಯುವ ವಿಜ್ಞಾನಿಗಳ ಪ್ರಾಮಾಣಿಕತೆಯನ್ನು ಅನುಮಾನಿಸಬೇಕಿಲ್ಲ. 2017ರ ಜುಲೈನಲ್ಲಿ 122 ದೇಶಗಳ ಮತದಿಂದ ಅಂಗೀಕಾರವಾದ ಅಣ್ವಸ್ತ್ರ ನಿಷೇಧ ಒಪ್ಪಂದದ ಮಾತುಕತೆಗೆ ಭಾರತ ಹೋಗಲೇ ಇಲ್ಲ. ಅಣ್ವಸ್ತ್ರವಿರುವ ಉಳಿದ ದೇಶಗಳೂ ದೂರ ಉಳಿದವು. ಇಷ್ಟನ್ನೂ ಒಪ್ಪಿದ ಮೇಲೂ, ರಾಜಧರ್ಮದಲ್ಲಿ ರಾಜನನ್ನು ಪ್ರಶ್ನಿಸುವ ಹಕ್ಕು ಸೇರಿಲ್ಲ ಎಂದು ಯಾವ ಶಾಸ್ತ್ರ ಹೇಳಿದೆ? ಲಲಿತಾ ರಾಮದಾಸರಂಥವರ ಬಲ ಇದ್ದದ್ದು ಇಲ್ಲೇ. ಸೇನೆ ಅವರಿಗೆ ಅಪರಿಚಿತವಲ್ಲ, ದೇಶದ್ರೋಹದ ಬೈಗುಳ ಅವರ ಮುಂದೆ ಪೇಲವವಾಗುತ್ತಿತ್ತು.

ಲೆಕ್ಕ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ತೆಲಂಗಾಣದಲ್ಲೇ ಒಂದು ಉದಾಹರಣೆ ಇದೆ, ಅದು ಬಾಂಬಿನದಲ್ಲ, ಅದಿರಿನದು. 2019ರಲ್ಲಿ ನಲ್ಲಮಲೆಯ ಅಮ್ರಾಬಾದ್ ಹುಲಿ ಅಭಯಾರಣ್ಯದ 83 ಚದರ ಕಿಲೋಮೀಟರಿನಲ್ಲಿ ಯುರೇನಿಯಂ ಹುಡುಕಲು ತಾತ್ವಿಕ ಒಪ್ಪಿಗೆ ಸಿಕ್ಕಿತು. ಅಲ್ಲಿನ ಚೆಂಚು ಜನ, ಹೈದರಾಬಾದಿನ ವಿದ್ಯಾರ್ಥಿಗಳು, ಸಿನಿಮಾದವರು ಒಟ್ಟಾಗಿ ಬೇಡವೆಂದರು. ಸೆಪ್ಟೆಂಬರ್ 16ರಂದು ವಿಧಾನಸಭೆಯೂ ಬೇಡವೆಂದು ಒಮ್ಮತದ ನಿರ್ಣಯ ಮಾಡಿತು. ಆದರೆ ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್ ವಿದ್ಯುತ್ ಸ್ಥಾವರಗಳಿಗೆ ಇಂಧನ ಮಾಡುತ್ತದೆ, ಅದರ ಕೆಲಸ ನಿಂತಿಲ್ಲ. ಅದಕ್ಕೆ ಬೇಕಾದ ಯುರೇನಿಯಂನ ಒಂದು ಪಾಲು ಜಾರ್ಖಂಡಿನ ಜಾದುಗುಡದ ಕಡೆಯಿಂದ, ಕಡಪ ಜಿಲ್ಲೆಯ ತುಮ್ಮಲಪಲ್ಲಿಯಿಂದ ಬರುತ್ತದೆ. ತುಮ್ಮಲಪಲ್ಲಿ ಸುತ್ತಲಿನ ರೈತರು ತಮ್ಮ ಕೊಳವೆಬಾವಿಯ ನೀರು ಕೆಟ್ಟಿದೆ, ಬಾಳೆತೋಟ ಒಣಗಿದೆ ಎಂದು ವರ್ಷಗಳಿಂದ ದೂರುತ್ತಿದ್ದಾರೆ. ಯುರೇನಿಯಂ ನಿಗಮ ಅದನ್ನು ಒಪ್ಪಿಲ್ಲ.